ಸಮುದ್ರ ಸೇರುವ ನೀರನ್ನು ‘ವ್ಯರ್ಥ’ ಅನ್ನಬೇಡಿ: ಜಲಸಂಪನ್ಮೂಲ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಲಸಂಪನ್ಮೂಲ ಸಚಿವರಿಗೆ,

ನಮಸ್ಕಾರ. ನಾನು ಧಾರವಾಡದ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವಳು. ನನ್ನ ತವರು ಅಂಕೋಲಾ ತಾಲ್ಲೂಕಿನ ಮಂಜಗುಣಿ. ಗಂಗಾವಳಿ ನದಿ ಸಮುದ್ರ ಸೇರುವ ಅಳಿವೆಯ ದಂಡೆಯ ಊರು. ಘಟ್ಟದ ಮೇಲೆ ಬೇಡ್ತಿ ಅನ್ನಿಸಿಕೊಳ್ಳುವ ಇದೇ ನದಿಯ ನೀರನ್ನು ಹಾವೇರಿ ಸೀಮೆಯ ವರದಾ ನದಿಗೆ ತಿರುಗಿಸುವ ಮಾತು ವರ್ಷಗಳಿಂದ ಏಳುತ್ತ, ತಣ್ಣಗಾಗುತ್ತ, ಮತ್ತೆ ಏಳುತ್ತ ಬಂದಿದೆ. ಪರವಾಗಿರುವವರ ಲೆಕ್ಕ, ವಿರೋಧದವರ ಲೆಕ್ಕ ಎರಡೂ ತಮ್ಮ ಮೇಜಿಗೆ ಬಂದಿರುತ್ತವೆ. ನಾನು ಎಂಜಿನಿಯರ್ ಅಲ್ಲ. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ಓದಿಸಿದ ಕವಿತೆಗಳಿವೆ, ಹುಟ್ಟೂರಿನ ನೀರಿನ ರುಚಿ ಗೊತ್ತಿದೆ. ಆ ಧೈರ್ಯದ ಮೇಲೆ ಒಂದೇ ಒಂದು ಪದದ ಬಗ್ಗೆ ತಮಗೆ ಬರೆಯುತ್ತಿದ್ದೇನೆ. ಆ ಪದ ‘ವ್ಯರ್ಥ’.

‘ಪಶ್ಚಿಮಕ್ಕೆ ಹರಿಯುವ ನೀರು ಸಮುದ್ರ ಸೇರಿ ವ್ಯರ್ಥವಾಗುತ್ತಿದೆ.’ ಚಿಕ್ಕಂದಿನಿಂದ ಈ ವಾಕ್ಯ ಕೇಳುತ್ತಲೇ ಬಂದಿದ್ದೇನೆ. ಸರ್ಕಾರ ಬದಲಾದರೂ ವಾಕ್ಯ ಬದಲಾಗಿಲ್ಲ. ಭಾಷಣದಲ್ಲಿ ಬರುತ್ತದೆ, ಪತ್ರಿಕೆಯ ಅಂಕಣದಲ್ಲಿ ಬರುತ್ತದೆ, ಈಗೀಗ ಮಕ್ಕಳ ಪ್ರಬಂಧದಲ್ಲೂ ಬರುತ್ತಿದೆ. ಕಳೆದ ವರ್ಷ ‘ನೀರಿನ ಸದುಪಯೋಗ’ ಅಂತ ಪ್ರಬಂಧ ಬರೆಯಲು ಕೊಟ್ಟಾಗ ಅರ್ಧಕ್ಕರ್ಧ ಮಕ್ಕಳು ಇದನ್ನೇ ಬರೆದಿದ್ದರು. ಕೆಂಪು ಪೆನ್ನು ಕೈಯಲ್ಲೇ ಉಳಿಯಿತು. ವ್ಯಾಕರಣದ ತಪ್ಪಾಗಿದ್ದರೆ ತಿದ್ದಬಹುದಿತ್ತು.

ಈ ನದಿಯ ಉದ್ದಕ್ಕೂ ಕನ್ನಡದ ಕವಿಗಳಿದ್ದಾರೆ ಸ್ವಾಮಿ. ನಾನು ಓದಿದ ಮಟ್ಟಿಗೆ ಅವರಲ್ಲಿ ಒಬ್ಬರೂ ಹೊಳೆಗೆ ಈ ಪದ ಬಳಸಿಲ್ಲ.

ನಾನು 1998ರಲ್ಲಿ ಕೆಲಸಕ್ಕೆಂದು ಧಾರವಾಡಕ್ಕೆ ಬಂದೆ. ಚಂದ್ರಶೇಖರ ಪಾಟೀಲರ, ಅಂದರೆ ನಮ್ಮ ಚಂಪಾ ಅವರ ‘ಶಾಲ್ಮಲಾ’ ಕವಿತೆಯನ್ನು ಆ ಹೊತ್ತಿಗಾಗಲೇ ನಾಡೆಲ್ಲ ಹಾಡುತ್ತಿತ್ತು. ತನ್ನ ಎದೆಯಾಳದಲ್ಲಿ ಗುಪ್ತಗಾಮಿನಿಯಾಗಿ ಹರಿದವಳು ಅಂತ ಕವಿ ಅವಳನ್ನು ಕರೆಯುತ್ತಾರೆ. ಒಮ್ಮೆ ತರಗತಿಯಲ್ಲಿ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಮೇಡಂ, ಶಾಲ್ಮಲಾ ಅಂದ್ರ ಹುಡುಗಿ ಹೆಸರೋ, ಹೊಳಿ ಹೆಸರೋ?” ಎರಡೂ ಅಂದೆ. “ಹೊಳಿ ಆದ್ರ ಎಲ್ಲೈತ್ರಿ?” ಅಂದ. ನನಗೆ ಉತ್ತರ ಗೊತ್ತಿರಲಿಲ್ಲ. ಧಾರವಾಡದಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲೂ ಮೂರು ನಾಲ್ಕು ಜನರನ್ನು ಬಿಟ್ಟರೆ ಯಾರೂ ಕೈ ಎತ್ತಲಿಲ್ಲ.

ಮುಂದಿನ ಭಾನುವಾರ ಆ ಮಕ್ಕಳನ್ನೇ ಕರೆದುಕೊಂಡು ಕಲಘಟಗಿ ರಸ್ತೆಯ ಸೋಮೇಶ್ವರ ಗುಡಿಗೆ ಹೋದೆ. ಚಾಲುಕ್ಯರ ಕಾಲದ ಕಲ್ಲಿನ ಗುಡಿ. ಪಕ್ಕದಲ್ಲಿ ಉಗಮದ ಹೊಂಡ. ಮಳೆಗಾಲ ಮುಗಿದು ತಿಂಗಳಾಗಿತ್ತು. ಹೊಂಡದಿಂದ ಹೊರಬಿದ್ದ ನೀರು ಗೇಣಗಲ, ಹುಲ್ಲಿನ ಬುಡದಲ್ಲಿ ಸದ್ದಿಲ್ಲದೆ ಜಾರುತ್ತಿತ್ತು. ಒಂದು ಹುಡುಗಿ ಕೂತು ಅಂಗೈ ಅಡ್ಡ ಇಟ್ಟಳು. ನೀರು ನಿಂತು, ಬೆರಳ ಸಂದಿಯಲ್ಲಿ ದಾರಿ ಹುಡುಕಿ, ಮತ್ತೆ ಮುಂದೆ ಹೋಯಿತು. ಗುಡಿಯ ಹತ್ತಿರ ಹೂ ಮಾರುತ್ತಿದ್ದ ಹಿರಿಯರನ್ನು ‘ಈ ನೀರು ಎಲ್ಲಿಗೆ ಹೋಗುತ್ತದೆ’ ಅಂತ ಕೇಳಿದೆ.

“ಕಲಘಟಗಿ ಕಡೆ ಹೋಗಿ ಬೇಡ್ತಿ ಆಗತೈತ್ರಿ ಅಕ್ಕಾರ. ಯಲ್ಲಾಪುರದ ಅಡವಿ ಹಾಯ್ದು ಕೆಳಗ ಇಳೀತೈತಿ. ಅಂಕೋಲಾ ಕಡೆ ಗಂಗಾವಳಿ ಅಂತಾರಲ್ರೀ, ಅದ ಇದು.”

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಮೂರು ವರ್ಷ ಧಾರವಾಡದಲ್ಲಿದ್ದುಕೊಂಡು ತವರಿನ ಹೊಳೆ ದೂರ ಆಯಿತು ಅಂತ ಕೊರಗಿದವಳು ನಾನು. ಅದು ಇಲ್ಲಿಂದಲೇ ಹೊರಟು ಅಲ್ಲಿಗೆ ಹೋಗುತ್ತಿತ್ತು. ನಕ್ಷೆ ತೆಗೆದು ನೋಡಿದ್ದರೆ ತಿಳಿಯುತ್ತಿತ್ತು, ನಿಜ. ಆದರೆ ನನ್ನನ್ನು ಆ ಹೊಂಡದ ತನಕ ಕರೆದುಕೊಂಡು ಹೋದದ್ದು ನಕ್ಷೆಯಲ್ಲ, ಒಂದು ಕವಿತೆ. ನೆಲದ ಮೇಲೆ ಕಾಣದಷ್ಟು ಸಣ್ಣದಾಗಿ ಹುಟ್ಟುವ ಹೊಳೆಯನ್ನು ಚಂಪಾ ‘ಗುಪ್ತಗಾಮಿನಿ’ ಅಂದದ್ದು ಅಲಂಕಾರಕ್ಕಾಗಿ ಮಾತ್ರ ಅಲ್ಲ ಅಂತ ಅವತ್ತು ಅರ್ಥವಾಯಿತು.

ಧಾರವಾಡ ಇರುವುದೇ ನೀರು ಎರಡಾಗಿ ಸೀಳುವ ದಿನ್ನೆಯ ಮೇಲೆ. ಊರಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಹಳ್ಳ ಹಿಡಿದು ಮಲಪ್ರಭೆಗೆ ಹೋಗುತ್ತದೆ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿ ಮುಟ್ಟುತ್ತದೆ. ಇನ್ನೊಂದು ಮಗ್ಗುಲಿನದು ಶಾಲ್ಮಲೆಯಾಗಿ ಹೊರಟು, ಹುಬ್ಬಳ್ಳಿ ಕಡೆಯಿಂದ ಬರುವ ನೀರನ್ನು ಕಲಘಟಗಿಯ ಹತ್ತಿರ ಕೂಡಿಕೊಂಡು ಬೇಡ್ತಿಯಾಗುತ್ತದೆ. ಹುಬ್ಬಳ್ಳಿಯವರು ದಶಕಗಳ ಕಾಲ ಕುಡಿದ ನೀರಸಾಗರದ ನೀರು ಇದೇ ಕಣಿವೆಯದು. ಆ ಮೇಲೆ ಕಾಡು, ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳಕ್ಕೆ ಧುಮುಕು, ಘಟ್ಟದ ಕೆಳಗೆ ಗಂಗಾವಳಿ ಅನ್ನುವ ಹೆಸರು.

ಇದೇ ಊರಿನ ಸಾಧನಕೇರಿಯ ಬೇಂದ್ರೆಯವರು ‘ಇಳಿದು ಬಾ ತಾಯಿ’ ಅಂತ ಗಂಗೆಯನ್ನು ಕರೆದರು. ಅದು ಶಾಲ್ಮಲೆಯ ಮೇಲಿನ ಪದ್ಯ ಅಂತ ನಾನು ಹೇಳುತ್ತಿಲ್ಲ, ಅದು ಭಗೀರಥನ ಗಂಗೆ. ಆದರೆ ಆ ಪದ್ಯದಲ್ಲಿ ಕವಿ ತಾಯಿಗೆ ಒಪ್ಪಿಸುವ ಕೆಲಸ ಯಾವುದು ನೋಡಿ: ‘ಚರಾಚರಗಳಿಗೆ ಉಣಿಸಿ ಬಾ.’ ಚಲಿಸುವುದಕ್ಕೂ ಚಲಿಸದ್ದಕ್ಕೂ ಉಣಿಸು ಅಂತ. ತೀರದ ಹೊಲಕ್ಕೆ ಮಾತ್ರ ಉಣಿಸು ಅಂತ ಅವರು ಕೇಳಲಿಲ್ಲ. ಈ ಸಾಲು ಬಂದಾಗಲೆಲ್ಲ ನನಗೆ ಅಳಿವೆಯ ಕೆಸರು ನೆನಪಾಗುತ್ತದೆ. ಅಲ್ಲಿ ಚರ ಯಾವುದು ಅಚರ ಯಾವುದು ಅಂತ ಬೇರೆ ಮಾಡುವುದೇ ಕಷ್ಟ. ಕಾಂಡ್ಲಾ ಅನ್ನುವ, ಉಪ್ಪುನೀರಿನಲ್ಲೇ ಬೆಳೆಯುವ ಗಿಡದ ಬೇರಿಗೆ ಚಿಪ್ಪು ಅಂಟಿರುತ್ತದೆ, ಚಿಪ್ಪಿನೊಳಗೆ ಜೀವ ಇರುತ್ತದೆ.

ಶಾಲ್ಮಲೆ ಅಂತ ಇನ್ನೊಂದು ಹೊಳೆಯೂ ಇದೆ, ತಮಗೆ ಗೊತ್ತಿರಬಹುದು. ಶಿರಸಿ ಸೀಮೆಯದು. ಸಹಸ್ರಲಿಂಗದಲ್ಲಿ ಹೊಳೆಯ ನಡುವಿನ ಬಂಡೆಬಂಡೆಯ ಮೇಲೂ ಲಿಂಗ ಕೆತ್ತಿದ್ದಾರೆ. ಅಲ್ಲಿಂದ ಹತ್ತಿರದ ಸೋಂದೆಯಲ್ಲಿ ವಾದಿರಾಜರ ವೃಂದಾವನವಿದೆ. ‘ಹಯವದನ’ ಅನ್ನುವ ಅಂಕಿತದಲ್ಲಿ ಕನ್ನಡದಲ್ಲಿ ಹಾಡು ಕಟ್ಟಿದ ಯತಿ ಅವರು. ಈ ಶಾಲ್ಮಲೆಯೂ ಕೊನೆಗೆ ಸೇರುವುದು ಬೇಡ್ತಿಯನ್ನೇ. ನದಿ ಜೋಡಣೆಯ ಮೊದಲ ಯೋಜನೆಯಲ್ಲಿ ಅಣೆಕಟ್ಟು ಬರುವುದು ಬೇಡ್ತಿಯ ಎರಡು ಉಪನದಿಗಳಿಗೆ, ಪಟ್ಟಣದಹಳ್ಳ ಮತ್ತು ಶಾಲ್ಮಲಾಹಳ್ಳ. ತಿರುಗಿಸುವುದು 242 ದಶಲಕ್ಷ ಘನ ಮೀಟರ್, ಅಂದರೆ ಸುಮಾರು ಎಂಟೂವರೆ ಟಿಎಂಸಿ. ಕಡತದಲ್ಲಿ ‘ಹಳ್ಳ’ ಅಂತ ಬರೆದಾಗ ನಿಲ್ಲಿಸುವುದು, ತಿರುಗಿಸುವುದು ಸುಲಭ ಅನ್ನಿಸುತ್ತದೆ. ಶಾಲ್ಮಲೆ ಅಂತ ಕರೆದು ನೋಡಿ, ಕೈ ಸ್ವಲ್ಪ ತಡೆಯುತ್ತದೆ. ಹೆಸರಿಟ್ಟು ಕರೆಯುವ ಕೆಲಸವನ್ನು ಕವಿಗಳು ಮಾಡಿದ್ದು ಇದಕ್ಕೇ ಅಂತ ನಾನು ನಂಬಿದ್ದೇನೆ.

ಈ ಕಣಿವೆಗೆ ಇದೇನೂ ಮೊದಲ ಪರೀಕ್ಷೆಯಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಶಿರಸಿ, ಯಲ್ಲಾಪುರದ ಅಡಿಕೆ ಬೆಳೆಗಾರರು ವಿಜ್ಞಾನಿಗಳನ್ನು ಊರಿಗೇ ಕರೆಸಿ ಕೂರಿಸಿ, ಲೆಕ್ಕಕ್ಕೆ ಲೆಕ್ಕ ಕೊಟ್ಟು ಎದುರಿಸಿದರು. ಯೋಜನೆ ನಿಂತಿತು. ಆಗ ಘಟ್ಟದ ಮೇಲಿನವರ ದನಿ ಕೇಳಿತ್ತು. ಈಗ ಘಟ್ಟದ ಕೆಳಗಿನವರ ಮಾತನ್ನೂ ಕೇಳಿ ಅಂತ ನನ್ನ ವಿನಂತಿ. ಅದಕ್ಕೆ ನನ್ನ ಮನೆಯ ವಿಷಯ ಹೇಳಬೇಕು.

ನಮ್ಮದು ಗಜನಿ ಗದ್ದೆ. ಘಟ್ಟದ ಮೇಲಿನವರಿಗೆ ಗಜನಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗುತ್ತದೆ. ಭರತದಲ್ಲಿ ಉಪ್ಪುನೀರು ಏರಿ ಬರುವಷ್ಟು ತಗ್ಗಿನ ಗದ್ದೆ. ಸುತ್ತ ಮಣ್ಣಿನ ಕಟ್ಟೆ, ಕಟ್ಟೆಗೊಂದು ಹಲಗೆ ಬಾಗಿಲು. ಬೇಸಿಗೆಯಲ್ಲಿ ಅದು ಉಪ್ಪಿನ ಬಯಲು, ನೆಲದ ಮೇಲೆ ಬೆಳ್ಳಗೆ ಪೊರೆ ಕಟ್ಟಿರುತ್ತದೆ. ಜೂನ್ ತಿಂಗಳಲ್ಲಿ ಘಟ್ಟದಲ್ಲಿ ಮಳೆ ಹಿಡಿದು ಹೊಳೆ ಕೆಂಪಾಗಿ ಇಳಿದು ಬಂದ ಮೇಲೆ ಆ ಉಪ್ಪು ತೊಳೆದುಹೋಗಬೇಕು. ತೊಳೆದ ಮೇಲೆ ಕಗ್ಗ ಬಿತ್ತುತ್ತಾರೆ. ಕಗ್ಗ ಅಂದರೆ ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುವ ಭತ್ತ, ಆಳೆತ್ತರ ಬೆಳೆಯುತ್ತದೆ. ಗೊಬ್ಬರ ಹಾಕುವುದಿಲ್ಲ, ಹೊಳೆ ತಂದ ಮಣ್ಣೇ ಗೊಬ್ಬರ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಮತ್ತೆ ಉಪ್ಪುನೀರು ಬಿಟ್ಟರೆ ಸಿಗಡಿ, ಮೀನು. ಒಂದೇ ನೆಲ, ಅರ್ಧ ವರ್ಷ ಅನ್ನ, ಇನ್ನರ್ಧ ವರ್ಷ ಸಾರು.

ಬಿತ್ತುವ ದಿನವನ್ನು ನಮ್ಮಲ್ಲಿ ಪಂಚಾಂಗ ನೋಡಿ ಹೇಳುತ್ತಿರಲಿಲ್ಲ. ಆಯಿ, ಅಂದರೆ ನನ್ನ ಅಮ್ಮ, ಬೆಳಿಗ್ಗೆ ಇಳಿತದ ಹೊತ್ತಿಗೆ ಕಟ್ಟೆಯ ಮೇಲೆ ಹೋಗಿ, ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿಯುತ್ತಿದ್ದಳು. ತೋರುಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದಳು. ಒಂದು ದಿನ ಥೂ ಅಂತ ಉಗುಳುವಳು. ಎರಡನೆಯ ದಿನವೂ ಉಗುಳುವಳು. ನಾಲ್ಕನೆಯ ದಿನವೋ ಐದನೆಯ ದಿನವೋ ಉಗುಳದೆ ಸುಮ್ಮನೆ ನಿಂತು, ದಂಡೆಯ ಮೇಲಿದ್ದ ಅಪ್ಪನ ಕಡೆ ತಿರುಗಿ, “ಸಪ್ಪಗಾತು. ಬೀಜ ನೆನೆ ಹಾಕೂಕೆ ಅಡ್ಡಿಲ್ಲ” ಅನ್ನುತ್ತಿದ್ದಳು. ಅಪ್ಪ ಎರಡನೇ ಮಾತಾಡುತ್ತಿರಲಿಲ್ಲ. ನಾನು ಒಮ್ಮೆ ಅವಳ ಹಾಗೇ ಬೆರಳು ಅದ್ದಿ ನೋಡಿದೆ. ನನಗೆ ಎರಡು ದಿನದ ನೀರೂ ಒಂದೇ ರುಚಿ.

ಆ ಸಪ್ಪೆ ನೀರು ಎಲ್ಲಿಂದ ಬಂತು? ಕಲಘಟಗಿಯಿಂದ, ಯಲ್ಲಾಪುರದಿಂದ, ಶಿರಸಿಯಿಂದ. ಒಂದಿಷ್ಟು ಹನಿ ಸೋಮೇಶ್ವರದ ಆ ಹೊಂಡದಿಂದಲೂ ಬಂದಿರಬೇಕು. ಯೋಜನೆಯ ಪರವಾಗಿ ಮಾತಾಡುವವರು ‘ನಾವು ಒಯ್ಯುವುದು ಮಳೆಗಾಲದ ಹೆಚ್ಚುವರಿ ನೀರು ಮಾತ್ರ, ಬೇಸಿಗೆಯ ಹರಿವನ್ನು ಮುಟ್ಟುವುದಿಲ್ಲ’ ಅಂತ ಸಮಾಧಾನ ಹೇಳುತ್ತಾರೆ. ಸದುದ್ದೇಶದಿಂದಲೇ ಹೇಳುತ್ತಾರೆ. ಆದರೆ ಸ್ವಾಮಿ, ಗಜನಿಗೆ ಬೇಕಾದದ್ದು ಮಳೆಗಾಲದ ನೀರೇ. ನೆಲದ ಉಪ್ಪು ತೊಳೆಯುವುದು, ಮೇಲುಮಣ್ಣು ತರುವುದು, ಉಪ್ಪುನೀರನ್ನು ಸಮುದ್ರದ ಕಡೆ ತಳ್ಳಿ ಮೀನು ಮರಿ ಮಾಡುವ ಹದ ತರುವುದು ಅದೇ ನೀರು. ನೀವು ‘ಹೆಚ್ಚುವರಿ’ ಅಂತ ಬರೆಯುವುದನ್ನು ನನ್ನ ಆಯಿ ‘ಸಪ್ಪಗಾತು’ ಅನ್ನುತ್ತಿದ್ದಳು.

ಈಗ ನಮ್ಮ ಊರ ಕಡೆಯ ಕವಿಯ ಮಾತಿಗೆ ಬರುತ್ತೇನೆ. ದಿನಕರ ದೇಸಾಯಿ, ಅಂಕೋಲೆಯ ಅಲಗೇರಿಯವರು, 1909ರಲ್ಲಿ ಹುಟ್ಟಿದವರು. ನಾಡಿಗೆ ಅವರು ಚುಟುಕ ಬ್ರಹ್ಮ. ನಮ್ಮ ಕಡೆ ಒಕ್ಕಲು ಮಕ್ಕಳಿಗೆ ಅವರು ಶಾಲೆ ತೆರೆದವರು, ಗೇಣಿದಾರರ ಪರ ನಿಂತು ಜಿಲ್ಲೆಯಿಂದಲೇ ಗಡಿಪಾರಾದವರು. 1967ರಲ್ಲಿ ನಮ್ಮ ಜಿಲ್ಲೆ ಅವರನ್ನು ಲೋಕಸಭೆಗೂ ಕಳಿಸಿತು. ಹಾಗಾಗಿ ‘ಕವಿಗಳಿಗೆ ಆಡಳಿತ ಏನು ಗೊತ್ತು’ ಅನ್ನುವ ಮಾತು ಅವರಿಗೆ ತಾಗುವುದಿಲ್ಲ. ಅವರ ‘ನನ್ನ ದೇಹದ ಬೂದಿ’ ಪದ್ಯವನ್ನು ತಾವೂ ಶಾಲೆಯಲ್ಲಿ ಓದಿರಬಹುದು. ತಾನು ಸತ್ತ ಮೇಲೆ ಬೂದಿಯನ್ನು ಗಾಳಿಗೆ ತೂರಿ, ಭತ್ತ ಬೆಳೆಯುವಲ್ಲಿ ಹೋಗಿ ಬೀಳಲಿ ಅನ್ನುತ್ತಾರೆ. ಆಮೇಲೆ ಹೊಳೆಗೆ ಬಿಡಿ, ಮೀನು ಹಿಡಿಯುವಲ್ಲಿ ತೇಲಿ ಹೋಗಲಿ, ಹಿಡಿ ಬೂದಿ ತಿಂದು ಒಂದು ಮೀನು ಪುಷ್ಟಿಯಾದರೆ ಹುಟ್ಟಿದ್ದು ಸಾರ್ಥಕ ಅನ್ನುತ್ತಾರೆ.

ನಾನು ಈ ಪದ್ಯವನ್ನು ಧಾರವಾಡದಲ್ಲಿ ಪಾಠ ಮಾಡುವಾಗ ಮಕ್ಕಳು ‘ತ್ಯಾಗ’ ಅಂತ ಬರೆದುಕೊಳ್ಳುತ್ತಾರೆ. ಮಾರ್ಗದರ್ಶಿಗಳಲ್ಲೂ ಹಾಗೇ ಇರುತ್ತದೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಇದು ಅಳಿವೆಯ ಸೀಮೆಯ ಮನುಷ್ಯ ಹೇಳಿದ ಮಾತು. ಭತ್ತ ಮತ್ತು ಮೀನು, ಈ ಎರಡೂ ಒಂದೇ ಗದ್ದೆಯಲ್ಲಿ ಬೆಳೆಯುವುದನ್ನು ಕಣ್ಣಾರೆ ಕಂಡವನಿಗೆ ಹೊಳೆ ಕೆಳಗೆ ಒಯ್ದದ್ದು ಕಳೆದುಹೋಗುವುದಿಲ್ಲ ಅಂತ ಗೊತ್ತಿರುತ್ತದೆ. ಅದು ಯಾರದ್ದೋ ಬಾಯಿಗೆ ಹೋಗುತ್ತದೆ. ಸತ್ತ ದೇಹದ ಬೂದಿಯನ್ನೂ ವ್ಯರ್ಥ ಅನ್ನಲು ಒಪ್ಪದ ಕವಿ, ಇಡೀ ಹೊಳೆಯನ್ನು ವ್ಯರ್ಥ ಅನ್ನಲು ಬಿಡುತ್ತಿದ್ದರೇ?

ಹೊಳೆಯ ದಕ್ಷಿಣಕ್ಕೆ, ಗೋಕರ್ಣದ ಮಗ್ಗುಲ ಹನೇಹಳ್ಳಿಯಲ್ಲಿ ಹುಟ್ಟಿದ ಗಂಗಾಧರ ಚಿತ್ತಾಲರು ತಮ್ಮ ಸಂಕಲನವೊಂದಕ್ಕೆ ಇಟ್ಟ ಹೆಸರೇ ‘ಹರಿವ ನೀರಿದು’. ನಮ್ಮ ಎದುರು ದಂಡೆಯ ಗಂಗಾವಳಿ ಊರಿನಲ್ಲಿ ಗಂಗಾಮಾತೆಯ ಗುಡಿ ಇದೆ. ವರ್ಷಕ್ಕೊಮ್ಮೆ ಗೋಕರ್ಣದ ಮಹಾಬಲೇಶ್ವರನಿಗೂ ಗಂಗೆಗೂ ಮದುವೆ ಮಾಡುತ್ತಾರೆ. ಹೊಳೆ ಸಮುದ್ರ ಸೇರುವುದನ್ನು ನಮ್ಮ ಜನ ಮದುವೆ ಅಂದರು. ಸರ್ಕಾರದ ಕಾಗದ ಅದನ್ನು ನಷ್ಟ ಅನ್ನುತ್ತದೆ.

ಹೊರಗಿನ ನಾಡು ಗಂಗಾವಳಿಯ ಹೆಸರನ್ನು ಚೆನ್ನಾಗಿ ಕೇಳಿದ್ದು 2024ರ ಜುಲೈ 16ರ ನಂತರ. ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿದು ಹೊಳೆಗೆ ಬಿತ್ತು, ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ವಾರಗಟ್ಟಲೆ ಟಿವಿಯಲ್ಲಿ ನಮ್ಮ ಹೊಳೆ. ಆ ದಿನಗಳಲ್ಲಿ ನನ್ನ ಸಹೋದ್ಯೋಗಿಗಳು ‘ನಿಮ್ಮ ಕಡೆ ಅಷ್ಟು ದೊಡ್ಡ ನದಿ ಇದೆಯಾ’ ಅಂತ ಕೇಳಿದರು. ಇಲ್ಲಿಂದಲೇ ಹೋಗುತ್ತದೆ ಅಂದರೆ ನಂಬಲಿಲ್ಲ.

ಇಷ್ಟು ಬರೆದ ಮೇಲೆ ವರದೆಯ ಕಡೆಗೂ ತಿರುಗಬೇಕು. ತಿರುಗದಿದ್ದರೆ ನಾನು ಪಾಠ ಮಾಡಿದ ಕವಿಗಳಿಗೇ ಅನ್ಯಾಯ ಮಾಡಿದ ಹಾಗೆ. ವರದೆಯೂ ಕವಿಗಳ ನದಿ. ‘ನೆನೆವುದೆನ್ನ ಮನಂ ಬನವಾಸಿ ದೇಶಮಂ’ ಅಂತ 941ರಲ್ಲಿ ಪಂಪ ಹಂಬಲಿಸಿದ ಆ ಬನವಾಸಿಯನ್ನು ಬಳಸಿ ಹರಿಯುವುದು ವರದೆ. ಶಾಲ್ಮಲೆಯನ್ನು ಹಾಡಿದ ಚಂಪಾ ಹುಟ್ಟಿದ್ದೂ ವರದೆಯ ಸೀಮೆಯಲ್ಲೇ, ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನಲ್ಲಿ. ಆ ಕಡೆಯ ಬಾವಿಗಳನ್ನು ನಾನು ನೋಡಿದ್ದೇನೆ. ನನ್ನ ವಿದ್ಯಾರ್ಥಿಗಳಲ್ಲಿ ಸವಣೂರು, ಹಾನಗಲ್ಲು, ಬ್ಯಾಡಗಿಯ ರೈತರ ಮಕ್ಕಳಿದ್ದಾರೆ. ಬರ ಬಿದ್ದ ವರ್ಷ ಎರಡನೇ ಕಂತಿನ ಫೀಸು ಕಟ್ಟಲಾಗದೆ ಕಾಲೇಜು ಬಿಟ್ಟ ಹುಡುಗಿಯ ಹೆಸರು ನನ್ನ ಹಾಜರಿ ಪುಸ್ತಕದಲ್ಲಿ ಇನ್ನೂ ಇದೆ. ಅವಳ ಅಪ್ಪನಿಗೆ ನೀರು ಬೇಡ ಅನ್ನಲು ನನ್ನ ಬಾಯಿ ಬರುವುದಿಲ್ಲ.

ಆದರೆ ಅವಳ ಅಪ್ಪನಿಗೆ ಸುಳ್ಳು ಹೇಳಬಾರದು. ‘ಯಾರಿಗೂ ಬೇಡವಾದ ನೀರು ಅಲ್ಲಿ ಹರಿದು ಹೋಗುತ್ತಿದೆ, ತಂದು ಕೊಡುತ್ತೇವೆ’ ಅನ್ನುವುದು ಸುಳ್ಳು. ‘ಅದು ಇನ್ನೊಬ್ಬ ರೈತನ ಗದ್ದೆಯ ನೀರು, ಇನ್ನೊಬ್ಬರ ಬಲೆಯ ನೀರು, ಅವರನ್ನು ಕೇಳಿ, ಎಷ್ಟು ಕೊಡಬಹುದು ಅಂತ ಅಳೆದು ನೋಡಬೇಕು’ ಅನ್ನುವುದು ನಿಜ. ಈ ಎರಡು ಮಾತಿನ ನಡುವೆ ಇರುವ ವ್ಯತ್ಯಾಸಕ್ಕಾಗಿಯೇ ಈ ಪತ್ರ. ಮೊದಲ ಮಾತು ಹೇಳಿದರೆ ಹಾವೇರಿಯವರ ಕಣ್ಣಿಗೆ ಉತ್ತರ ಕನ್ನಡದವರು ಕೊಡಲು ಮನಸ್ಸಿಲ್ಲದ ಜಿಪುಣರಾಗುತ್ತಾರೆ. ಎರಡನೆಯ ಮಾತು ಹೇಳಿದರೆ ಇಬ್ಬರೂ ಒಂದೇ ಜಗಲಿಯ ಮೇಲೆ ಕೂತು ಮಾತಾಡಬಹುದು. ವರದೆಯ ಸೀಮೆಯ ಹೂಳು ತುಂಬಿದ ಕೆರೆಗಳ ವಿಷಯವೂ ಆ ಜಗಲಿಗೆ ಬರುತ್ತದೆ.

ಹಾಗಾಗಿ ನನ್ನ ಮೊದಲ ಬೇಡಿಕೆ ಒಂದು ಪೈಸೆಯನ್ನೂ ಕೇಳುವುದಿಲ್ಲ. ಇಲಾಖೆಯ ವರದಿಗಳಿಂದ, ಸದನದ ಉತ್ತರಗಳಿಂದ, ತಮ್ಮ ಭಾಷಣಗಳಿಂದ ‘ವ್ಯರ್ಥವಾಗಿ ಸಮುದ್ರ ಸೇರುವ ನೀರು’ ಅನ್ನುವ ಮಾತನ್ನು ತೆಗೆದುಹಾಕಿ. ಪದ ಹೋದರೆ ಲೆಕ್ಕವೂ ಬದಲಾಗಲೇಬೇಕಾಗುತ್ತದೆ. ವ್ಯರ್ಥ ಅಂದುಕೊಂಡಿರುವ ತನಕ ಅಳಿವೆಯಲ್ಲಿ ಯಾರಿದ್ದಾರೆ ಅಂತ ಯಾರೂ ಎಣಿಸುವುದಿಲ್ಲ. ಗಜನಿ ಎಷ್ಟು ಎಕರೆ, ಬಲೆ ಬೀಸುವ ಮನೆ ಎಷ್ಟು, ಚಿಪ್ಪು ಆರಿಸಿ ಮಾರುವ ಹೆಂಗಸರು ಎಷ್ಟು ಜನ, ಜೂನ್ ತಿಂಗಳಲ್ಲಿ ಉಪ್ಪು ಎಲ್ಲಿಯ ತನಕ ಏರುತ್ತದೆ, ಎಲ್ಲಿಂದ ಇಳಿಯುತ್ತದೆ ಅನ್ನುವುದನ್ನೆಲ್ಲ ಕನಿಷ್ಠ ಐದು ಮಳೆಗಾಲ ಅಳತೆ ಮಾಡಿಸಿ. ಮಾಡಿಸಿದ ವರದಿಯನ್ನು ಕನ್ನಡದಲ್ಲಿ ಕೊಡಿ, ಅಂಕೋಲೆಯ ಮೀನು ಪೇಟೆಯಲ್ಲಿ ಗಟ್ಟಿಯಾಗಿ ಓದಿದರೆ ಅರ್ಥವಾಗುವಂಥ ಕನ್ನಡದಲ್ಲಿ. ಸಾರ್ವಜನಿಕರ ಅಹವಾಲನ್ನು ಘಟ್ಟದ ಮೇಲೆ ಮಾತ್ರವಲ್ಲ, ದೋಣಿ ತಾಗುವ ದಡದಲ್ಲೂ ಕೇಳಿ, ಹಾವೇರಿಯ ರೈತರನ್ನೂ ಅಲ್ಲಿಗೆ ಕರೆತನ್ನಿ.

ಧಾರವಾಡದವರಾದ ನಮಗೂ ಒಂದು ಕೆಲಸವಿದೆ, ಅದಕ್ಕೆ ತಮ್ಮ ಇಲಾಖೆಯ ಕೈ ಬೇಕು. ಸೋಮೇಶ್ವರದಿಂದ ಕಲಘಟಗಿಯ ತನಕ ಶಾಲ್ಮಲೆ ಹರಿಯುವ ದಾರಿಯನ್ನು ಗುರುತಿಸಿ, ಎರಡೂ ಬದಿಗೆ ಕಲ್ಲು ನೆಡಿಸಿ. ರಸ್ತೆ ಅವಳನ್ನು ದಾಟುವಲ್ಲೆಲ್ಲ ‘ಶಾಲ್ಮಲಾ ನದಿ’ ಅಂತ ಒಂದು ಫಲಕ ಇರಲಿ. ಈ ಕವಿತೆ ಓದುವ ಮಗು ಬಸ್ಸಿನ ಕಿಟಕಿಯಿಂದ ಆ ಹೆಸರು ಓದಲಿ. ಅದರಿಂದ ನೀರು ಹೆಚ್ಚುವುದಿಲ್ಲ ಅಂತ ನನಗೆ ಗೊತ್ತು. ಆದರೆ ಹೆಸರು ಕಂಡ ಕಡೆ ಕಸ ಸುರಿಯುವ ಕೈ ಕಡಿಮೆಯಾಗುತ್ತದೆ, ಒತ್ತುವರಿಗೆ ಬಂದವನನ್ನು ‘ಇದು ಹೊಳಿ ಅದ’ ಅಂತ ತಡೆಯುವ ಒಬ್ಬರಾದರೂ ಇರುತ್ತಾರೆ.

ನನ್ನ ಆಯಿಗೆ ಈಗ ಎಂಬತ್ತನಾಲ್ಕು. ಕಣ್ಣು ಮಂಜು, ನಾಲಿಗೆ ಚುರುಕಾಗಿಯೇ ಇದೆ. ಜೂನ್ ಕೊನೆಯ ವಾರದಲ್ಲಿ ನಾನು ರಜೆ ಹಾಕಿ ಊರಿಗೆ ಹೋಗುತ್ತೇನೆ, ಅವಳನ್ನು ಕಟ್ಟೆಯ ತನಕ ಕೈ ಹಿಡಿದು ನಡೆಸಲು. ತಾವು ಆ ವಾರದಲ್ಲಿ ಒಂದು ಬೆಳಿಗ್ಗೆ ಬನ್ನಿ. ಪೊಲೀಸು, ಹಾರ ಏನೂ ಬೇಡ. ಇಳಿತದ ಹೊತ್ತು ಎಷ್ಟು ಗಂಟೆಗೆ ಅಂತ ಹಿಂದಿನ ದಿನವೇ ತಿಳಿಸುತ್ತೇನೆ. ಅವಳ ಪಕ್ಕದಲ್ಲಿ ನಿಂತು ತಾವೂ ಬೆರಳು ಅದ್ದಿ ನೋಡಿ.

ಇಂತಿ ತಮ್ಮ ವಿಶ್ವಾಸಿ,
ಮಂಜಗುಣಿಯ ಮಗಳು, ಕನ್ನಡ ಉಪನ್ಯಾಸಕಿ
ಧಾರವಾಡ